ಪುದೀನ, ಸಬ್ಬಸಿಗೆ, ಜೀರಿಗೆ: ಹಳೆಯ ತೋಟಗಳನ್ನು ಇದ್ದಂತೆಯೇ ಬೆಳೆಸುವ ವಿಷಯವಾದ ಪಾಠ

ಓದತಕ್ಕ ಭಾಗಗಳು: ಯೆರೆಮೀಯ 29:4-7; ಮತ್ತಾಯ 23:23; ವಿಮೋಚನಕಾಂಡ 20:16.

ನಮ್ಮ ಕರ್ತನು ಶಾಸ್ತ್ರಿಗಳನ್ನೂ ಫರಿಸಾಯರನ್ನೂ ಗದರಿಸಿದ ಮಾತುಗಳ ನಡುವೆ ಹಿತ್ತಲಿನ ಮೂರು ಗಿಡಗಳ ಹೆಸರು ಬರುತ್ತದೆ. ಪುದೀನ, ಸಬ್ಬಸಿಗೆ, ಜೀರಿಗೆ. ಆ ಜನರು ಇಷ್ಟು ಚಿಕ್ಕ ಗಿಡಗಳನ್ನೂ ಬಿಡದೆ ಎಣಿಸಿ ಅವುಗಳಲ್ಲಿ ಹತ್ತನೆಯ ಪಾಲನ್ನು ದೇವಾಲಯಕ್ಕೆ ಸಲ್ಲಿಸುತ್ತಿದ್ದರು. ಆದರೆ ನ್ಯಾಯ, ಕರುಣೆ, ನಂಬಿಗಸ್ತಿಕೆ ಎಂಬ ಭಾರವಾದ ಸಂಗತಿಗಳನ್ನು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ಈ ಭಾಗದ ಮೇಲೆ ಪ್ರಸಂಗ ಮಾಡುವವರು ಸೊಪ್ಪನ್ನು ಎಣಿಸಿದ್ದೇ ತಪ್ಪೆಂಬ ಹಾಗೆ ಮಾತಾಡುವದುಂಟು. ಕರ್ತನ ಅಭಿಪ್ರಾಯವು ಅದಲ್ಲ. ಅದನ್ನು ಮಾಡಬೇಕಾಗಿತ್ತು, ಇದನ್ನು ಬಿಡಬಾರದಾಗಿತ್ತು ಎಂದು ಆತನು ಎರಡನ್ನೂ ಕೂಡಿಸಿ ಹೇಳಿದನು. ಸೊಪ್ಪಿನ ಲೆಕ್ಕವನ್ನು ಸತ್ಯವಾಗಿ ಇಡುವದೂ ಒಂದು ಕೆಲಸವೇ ಆಗಿದೆ. ಅಂಥ ಲೆಕ್ಕವನ್ನು ಬಹು ಜಾಗರೂಕತೆಯಿಂದ ಇಡುವ ಕೆಲವರ ವಿಷಯವನ್ನೂ, ಆ ಲೆಕ್ಕದಲ್ಲಿ ಬಹುಕಾಲ ಬಿಟ್ಟುಹೋದದ್ದೇನೆಂಬದನ್ನೂ ಈ ಸಾರಿ ನಾವು ವಿಚಾರಿಸುವೆವು.

ಉತ್ತರ ಅಮೇರಿಕದ ಪೂರ್ವ ಕರಾವಳಿಯಲ್ಲಿ 1607ರಿಂದ 1776ರ ವರೆಗೆ ಇಂಗ್ಲಿಷ್ ದೊರೆತನಕ್ಕೆ ಒಳಪಟ್ಟ ವಸಾಹತುಗಳಿದ್ದವು. ಆ ಕಾಲದ ಮನೆಗಳೂ ಸಭಾಮಂದಿರಗಳೂ ಕೆಲವು ಊರುಗಳಲ್ಲಿ ಇಂದಿಗೂ ಉಳಿದಿವೆ. ಅವುಗಳ ಸುತ್ತಲಿನ ತೋಟಗಳನ್ನು, ಆ ದಿವಸಗಳಲ್ಲಿ ಇದ್ದ ಗಿಡಗಳಿಂದಲೇ, ಆ ದಿವಸಗಳ ಕ್ರಮದಿಂದಲೇ ತಿರಿಗಿ ಬೆಳೆಸುವದನ್ನು ತಮ್ಮ ಕಸಬಾಗಿ ಮಾಡಿಕೊಂಡವರು ಅಲ್ಲಿ ಇದ್ದಾರೆ. ಚಂದವಾಗಿ ಕಾಣುತ್ತದೆಂದು ಅವರು ಒಂದು ಗಿಡವನ್ನು ನೆಡುವದಿಲ್ಲ. ಇದು ಇಲ್ಲಿ ನಿಜವಾಗಿ ಇತ್ತೋ, ಸಾಕ್ಷಿ ಏನು, ಎಂದು ಮೊದಲು ಕೇಳುತ್ತಾರೆ. ಸಾಕ್ಷಿ ಇಲ್ಲದಿದ್ದರೆ ಎಷ್ಟು ಚಂದದ ಹೂವಾದರೂ ಅದಕ್ಕೆ ಮಡಿಯಲ್ಲಿ ಸ್ಥಳವಿಲ್ಲ.

ಸಮುದ್ರ ದಾಟಿ ಹೋದ ಆ ಜನರು ಗೋಧಿಯ ಬೀಜದೊಡನೆ ಹಿತ್ತಲಿನ ಬೀಜಗಳನ್ನೂ ಗಂಟುಕಟ್ಟಿಕೊಂಡು ಹೋದರು. ಬಾಬೆಲಿಗೆ ಸೆರೆಹೋದವರಿಗೆ ತೋಟಗಳನ್ನು ಮಾಡಿಕೊಂಡು ಫಲವನ್ನು ಉಣ್ಣಿರೆಂದು ಯೆರೆಮೀಯನು ಬರೆದ ಪತ್ರವನ್ನು ಅವರೂ ಓದಿದವರೇ. ಆದರೆ ತವರುನಾಡಿನ ಎಲ್ಲಾ ಗಿಡಗಳೂ ಹೊಸ ನೆಲಕ್ಕೆ ಒಗ್ಗಲಿಲ್ಲ. ಜಾನ್ ಜೋಸ್ಲಿನ್ ಎಂಬವನು ಎರಡು ಸಾರಿ ನ್ಯೂ ಇಂಗ್ಲೆಂಡ್ ಪ್ರಾಂತಕ್ಕೆ ಹೋಗಿ ವಾಸಮಾಡಿ 1672ರಲ್ಲಿ ಲಂಡನಿನಲ್ಲಿ ಒಂದು ಪುಸ್ತಕವನ್ನು ಅಚ್ಚುಹಾಕಿಸಿದನು. ಇಂಗ್ಲೆಂಡಿನ ಯಾವ ಸಸ್ಯವು ಅಲ್ಲಿ ಬೆಳೆಯುತ್ತದೆ, ಯಾವದು ಬೆಳೆಯುವದಿಲ್ಲ ಎಂದು ಅದರಲ್ಲಿ ಒಂದೊಂದಾಗಿ ಬರೆದಿದ್ದಾನೆ. ಲವೆಂಡರ್ ಆ ಹವೆಗೆ ತಕ್ಕದ್ದಲ್ಲ, ರೋಸ್‌ಮೆರಿ ಆ ನಾಡಿನ ಗಿಡವಲ್ಲ, ನಾಗದಾಳಿ ಸೊಪ್ಪು ಕಷ್ಟದಿಂದ ಬರುತ್ತದೆ ಎಂಬದು ಅವನ ಸಾಕ್ಷಿ. ಈ ನಾಗದಾಳಿಯನ್ನೇ ಸದಾಪೆಂದು ಕೆಲವರು ಕರೆಯುತ್ತಾರೆ. ಲೂಕ 11:42ರಲ್ಲಿ ಪುದೀನದ ಜೊತೆಯಲ್ಲಿ ಹೇಳಲ್ಪಟ್ಟದ್ದು ಇದೇ. ಆದಕಾರಣ ಆ ಪ್ರಾಂತದ 1660ರ ಮನೆಯೊಂದರ ಮುಂದೆ ಲವೆಂಡರಿನ ಸಾಲುಗಳನ್ನು ಯಾವನಾದರೂ ತುಂಬಿಸಿದರೆ ನೋಡುವವರಿಗೆ ಸಂತೋಷವಾಗಬಹುದು, ಆದರೆ ಆ ತೋಟವು ಸುಳ್ಳುಸಾಕ್ಷಿ ಹೇಳಿದಂತಾಗುವದು.

ಆ ನೆಲವು ಬರಿದಾಗಿತ್ತೆಂದು ನೆನಸಬಾರದು. ಅಲ್ಲಿಯ ಮೂಲನಿವಾಸಿಗಳು ಗೋವಿನ ಜೋಳ, ಹುರುಳಿಕಾಯಿ, ಕುಂಬಳದ ಜಾತಿಗಳು, ಈ ಮೂರನ್ನು ಒಂದೇ ಹೊಲದಲ್ಲಿ ಕೂಡಿಸಿ ಬಹುಕಾಲದಿಂದ ಬೆಳೆಯುತ್ತಿದ್ದರು. ನಮ್ಮ ಇಸಬ್‌ಗೋಲಿನ ಜಾತಿಗೆ ಸೇರಿದ ಒಂದು ಸಣ್ಣ ಕಳೆಗಿಡಕ್ಕೆ ಅವರು ‘ಇಂಗ್ಲಿಷನ ಹೆಜ್ಜೆ’ ಎಂದು ಹೆಸರಿಟ್ಟಿದ್ದರೆಂದು ಜೋಸ್ಲಿನನೇ ಬರೆದಿದ್ದಾನೆ. ಬಿಳಿಯರು ಕಾಲಿಟ್ಟಲ್ಲೆಲ್ಲಾ ಅದು ಹುಟ್ಟುತ್ತಿತ್ತು. ಆ ಹೆಸರಿನಲ್ಲಿ ಒಂದು ಜನಾಂಗದ ನಷ್ಟದ ಚರಿತ್ರೆಯೇ ಅಡಗಿದೆ.

ಆ ಕಾಲದ ಸಾಧಾರಣ ಮನೆಯ ತೋಟದಲ್ಲಿ ಹೂವು ಬೇರೆ, ಸೊಪ್ಪು ಬೇರೆ, ಮದ್ದು ಬೇರೆ ಎಂಬ ಬೇಲಿ ಇರಲಿಲ್ಲ. ಕ್ಯಾಲೆಂಡುಲ ಹೂವಿನ ಎಸಳುಗಳು ಸಾರಿಗೆ ಬೀಳುತ್ತಿದ್ದವು. ಗುಲಾಬಿಯಿಂದ ಪನ್ನೀರು ಇಳಿಸುತ್ತಿದ್ದರು. ಸೇಜ್ ಎಂಬ ಸೊಪ್ಪು ಮಾಂಸಕ್ಕೂ ಗಂಟಲಿನ ನೋವಿಗೂ ಆಗುತ್ತಿತ್ತು. ಸಬ್ಬಸಿಗೆ ಮತ್ತು ಸೋಂಪಿನ ಕಾಳುಗಳನ್ನು ಸ್ತ್ರೀಯರು ಕರವಸ್ತ್ರದಲ್ಲಿ ಕಟ್ಟಿಕೊಂಡು ದೇವಾರಾಧನೆಗೆ ಹೋಗಿ, ಪ್ರಸಂಗವು ದೀರ್ಘವಾದಾಗ ಬಾಯಿಗೆ ಹಾಕಿಕೊಳ್ಳುತ್ತಿದ್ದರೆಂದು ಹೇಳುತ್ತಾರೆ. ಆ ದಿನಗಳ ಪ್ರಸಂಗಗಳು ಎರಡು ತಾಸಿಗೂ ನಿಲ್ಲುತ್ತಿರಲಿಲ್ಲವಾದದರಿಂದ ನಾವು ಅವರನ್ನು ಕಠಿಣವಾಗಿ ತೀರ್ಪುಮಾಡುವದಿಲ್ಲ.

ಹಾಗಾದರೆ ಅಂಥ ತೋಟವನ್ನು ಸತ್ಯವಾಗಿ ತಿರಿಗಿ ಬೆಳೆಸುವದು ಹೇಗೆ? ಮೊದಲನೆಯ ತೊಡಕು ಹೆಸರಿನದು. ಹಳೆಯ ಕಾಗದಗಳಲ್ಲಿ ‘ಮೆರಿಗೋಲ್ಡ್’ ಎಂದಿದ್ದರೆ ಅನೇಕ ವೇಳೆ ಅದು ಈಗ ಹೇಳಿದ ಕ್ಯಾಲೆಂಡುಲವೇ. ನಮ್ಮ ಚೆಂಡು ಹೂವಲ್ಲ. ಚೆಂಡು ಹೂವನ್ನು ಇಂಗ್ಲಿಷರು ‘ಆಫ್ರಿಕದ ಮೆರಿಗೋಲ್ಡ್’ ಎಂದು ಕರೆದರು. ಅದಾದರೋ ಆಫ್ರಿಕದ್ದಲ್ಲ, ಮೆಕ್ಸಿಕೋ ದೇಶದ್ದು. ಅಲ್ಲಿಂದ ಯೂರೋಪಿಗೂ ನಮ್ಮ ದೇಶಕ್ಕೂ ಬಂದು, ಈಗ ಅದು ಪರದೇಶದ್ದೆಂದರೆ ನಮ್ಮ ಹಳ್ಳಿಯವರು ನಂಬುವದಿಲ್ಲ. ಮೆಣಸಿನಕಾಯಿ, ಪೇರಲ, ಸೀತಾಫಲಗಳ ಗತಿಯೂ ಹೀಗೆಯೇ. ಆದಕಾರಣ ಈ ಕೆಲಸದವರು ಹಳೆಯ ಹೆಸರನ್ನು ನೋಡಿದ ಕೂಡಲೆ ಬೀಜಕ್ಕೆ ಓಡುವದಿಲ್ಲ. ಆ ವರ್ಷದಲ್ಲಿ ಆ ಊರಿನಲ್ಲಿ ಆ ಹೆಸರಿನಿಂದ ಯಾವ ಸಸ್ಯವನ್ನು ಕರೆಯುತ್ತಿದ್ದರೆಂದು ಕಾಗದಕ್ಕೆ ಕಾಗದವನ್ನು ಹೋಲಿಸಿ ಗೊತ್ತುಮಾಡಿಕೊಳ್ಳುತ್ತಾರೆ.

ಕಾಗದಗಳೆಂದರೆ ದಿನಚರಿಗಳು, ಬೀಜ ಮಾರುವವರ ಪಟ್ಟಿಗಳು, ಪತ್ರಗಳು, ನೆಲದ ನಕ್ಷೆಗಳು. ತರುವಾಯ ಅಮೇರಿಕದ ರಾಷ್ಟ್ರಾಧ್ಯಕ್ಷನಾದ ತೋಮಸ್ ಜೆಫರ್ಸನನು ವರ್ಜೀನಿಯದ ತನ್ನ ಮನೆಯಲ್ಲಿ 1766ರಿಂದ ತೋಟದ ಪುಸ್ತಕವೊಂದನ್ನು ಇಟ್ಟಿದ್ದನು. 1767ನೆಯ ಏಪ್ರಿಲ್ ತಿಂಗಳಲ್ಲಿ ಬಿತ್ತಿದ ಹೂಗಳ ಪಟ್ಟಿಯಲ್ಲಿ ನಮಗೆ ಪರಿಚಿತವಾದ ಎಷ್ಟೋ ಹೆಸರುಗಳಿವೆ. ಎರಡು ಸುತ್ತಿನ ಎಸಳುಳ್ಳ ಕರ್ಣಕುಂಡಲ, ಕೋಳಿಜುಟ್ಟು, ಗುಂಡು ರುದ್ರಾಕ್ಷಿ ಹೂವು, ಮುಟ್ಟಿದರೆ ಮುನಿ. ಇವುಗಳಲ್ಲಿ ಕರ್ಣಕುಂಡಲವು, ಅಂದರೆ ಕೆಲವು ಕಡೆಗಳಲ್ಲಿ ಗೌರಿ ಹೂವೆಂದು ಹೇಳುವದು, ನಮ್ಮ ಕಡೆಯಿಂದಲೇ ಹೋದದ್ದು. ಮುಟ್ಟಿದರೆ ಮುನಿಯಾದರೋ ಅಮೇರಿಕ ಖಂಡದಿಂದ ಇಲ್ಲಿಗೆ ಬಂದು ಮಲೆನಾಡಿನ ದಾರಿಗಳಲ್ಲೆಲ್ಲಾ ಮುಳ್ಳಾಗಿ ಹರಡಿದೆ. ಒಬ್ಬನ ಮಡಿಯಲ್ಲಿ ಜೋಪಾನವಾಗಿ ಬೆಳೆದದ್ದು ಇನ್ನೊಬ್ಬನ ಹೊಲದಲ್ಲಿ ಕಳೆಯಾಗುವದು.

ಎರಡನೆಯ ತೊಡಕು ಬೀಜದ್ದು. ಹೆಸರು ಸಿಕ್ಕಿದರೆ ಸಾಲದು. ಆ ಕಾಲದ ತಳಿಯೇ ಬೇಕು. ಇಂದಿನ ಅಂಗಡಿಯ ಹೂವಿನ ಬೀಜವು ಬಹುಮಟ್ಟಿಗೆ ಹೈಬ್ರಿಡ್ ಆಗಿದ್ದು, ಗಿಡವು ಗಿಡ್ಡಾಗಿಯೂ ಹೂವು ದೊಡ್ಡದಾಗಿಯೂ ಇರುವಂತೆ ತಿದ್ದಲ್ಪಟ್ಟದ್ದು. ಅದರಿಂದ ತೆಗೆದ ಬೀಜವನ್ನು ತಿರಿಗಿ ಬಿತ್ತಿದರೆ ತಾಯಿಯಂಥ ಮಗಳು ಹುಟ್ಟುವದಿಲ್ಲವೆಂಬದನ್ನು ನಮ್ಮ ರೈತರು ಚೆನ್ನಾಗಿ ಬಲ್ಲರು. ಹಳೆಯ ತೋಟಕ್ಕೆ ಬೇಕಾದದ್ದು ಜವಾರಿ ಬೀಜವೇ. ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ಹೇಳಿದ ಪ್ರಕಾರ ತನ್ನ ಜಾತಿಯನ್ನು ತನ್ನೊಳಗೆ ಇಟ್ಟುಕೊಂಡು ಬರುವಂಥಾದ್ದು. ಅಂಥ ಬೀಜವು ಅಂಗಡಿಯಲ್ಲಿ ಸಿಕ್ಕದಿದ್ದಾಗ ಹಳೆಯ ಸಮಾಧಿಭೂಮಿಗಳಲ್ಲಿಯೂ ಪಾಳುಬಿದ್ದ ಮನೆಗಳ ಅಂಗಳದಲ್ಲಿಯೂ ಅಜ್ಜಿಯರ ಮಡಕೆಗಳಲ್ಲಿಯೂ ಹುಡುಕುತ್ತಾರೆ. ಜೆಫರ್ಸನನ ಮನೆಯಾದ ಮಾಂಟಿಚೆಲ್ಲೋದಲ್ಲಿ ಇಂಥ ಬೀಜಗಳನ್ನು ಕೂಡಿಸಿ ಕಾಪಾಡುವದಕ್ಕಾಗಿ 1987ರಲ್ಲಿ ಒಂದು ಕೇಂದ್ರವು ಸ್ಥಾಪಿಸಲ್ಪಟ್ಟಿತು.

ಒಬ್ಬ ಮನುಷ್ಯನು ಬೀಜವನ್ನು ಇಟ್ಟುಕೊಂಡದ್ದರಿಂದ ಏನಾಗುತ್ತದೆಂಬದಕ್ಕೆ ಒಂದು ದೃಷ್ಟಾಂತ ಸಾಕು. ಫಿಲಡೆಲ್ಫಿಯದ ಹತ್ತಿರ ಜಾನ್ ಬಾರ್ಟ್ರಮ್ ಎಂಬ ಕ್ವೇಕರ್ ರೈತನು 1728ರಲ್ಲಿ ತೋಟವನ್ನು ಆರಂಭಿಸಿ, ಕಾಡು ಕಾಡು ಅಲೆದು ಬೀಜಗಳನ್ನು ಕೂಡಿಸಿ ಪೆಟ್ಟಿಗೆಗಳಲ್ಲಿ ಲಂಡನಿನ ಸ್ನೇಹಿತನಾದ ಪೀಟರ್ ಕಾಲಿನ್‌ಸನನಿಗೆ ಕಳುಹಿಸುತ್ತಿದ್ದನು. 1765ರಲ್ಲಿ ಅವನೂ ಅವನ ಮಗನಾದ ವಿಲಿಯಮನೂ ಜಾರ್ಜಿಯ ಪ್ರಾಂತದ ಆಲ್ಟಮಹಾ ಹೊಳೆಯ ದಡದಲ್ಲಿ ಬಿಳಿ ಹೂವಿನ ಒಂದು ಚಿಕ್ಕ ಮರವನ್ನು ಕಂಡರು. ಮಗನು ಕೆಲವು ವರ್ಷಗಳ ತರುವಾಯ ಅಲ್ಲಿಗೆ ತಿರಿಗಿ ಹೋಗಿ ಬೀಜ ತಂದು ತೋಟದಲ್ಲಿ ಎಬ್ಬಿಸಿದನು. ಅದಕ್ಕೆ ಫ್ರಾಂಕ್ಲಿನಿಯ ಎಂದು ಹೆಸರಾಯಿತು. 1803ರ ತರುವಾಯ ಆ ಮರವನ್ನು ಕಾಡಿನಲ್ಲಿ ಯಾರೂ ಕಂಡಿಲ್ಲ. ಈಗ ಲೋಕದ ಯಾವ ಮೂಲೆಯಲ್ಲಿ ಫ್ರಾಂಕ್ಲಿನಿಯ ಇದ್ದರೂ ಅದು ಆ ತಂದೆಮಕ್ಕಳ ತೋಟದ ಬೀಜದ ಸಂತಾನವೇ.

ಎಲ್ಲವನ್ನೂ ನೆಡಬೇಕೆಂದೂ ಅಲ್ಲ. ಬಾರ್‌ಬೆರಿ ಎಂಬ ಮುಳ್ಳುಪೊದೆಯನ್ನು ಅದರ ಹುಳಿ ಹಣ್ಣಿಗೋಸ್ಕರ ವಸಾಹತಿನವರು ಇಂಗ್ಲೆಂಡಿನಿಂದ ತಂದರು. ಅದರ ಹತ್ತಿರದ ಗೋಧಿ ಕೆಡುತ್ತದೆಂದು ರೈತರು ಕಂಡುಕೊಂಡು ದೂರಲು, ಕನೆಕ್ಟಿಕಟ್ ಪ್ರಾಂತದಲ್ಲಿ 1726ರಲ್ಲಿಯೇ ಅದನ್ನು ಕಿತ್ತುಹಾಕುವದಕ್ಕೆ ಕಾನೂನಾಯಿತು. ಗೋಧಿಯ ಕಾಂಡದ ತುಕ್ಕುರೋಗವು ತನ್ನ ಆಯುಷ್ಯದ ಒಂದು ಭಾಗವನ್ನು ಆ ಪೊದೆಯ ಎಲೆಯಲ್ಲಿ ಕಳೆಯುತ್ತದೆಂಬದನ್ನು ಜರ್ಮನಿಯ ಡಿ ಬಾರಿ ಎಂಬ ವಿದ್ವಾಂಸನು 1865ರಲ್ಲಿ ತೋರಿಸಿಕೊಟ್ಟನು. ವಿದ್ವಾಂಸನಿಗಿಂತ ಸುಮಾರು 140 ವರ್ಷ ಮುಂಚೆ ರೈತನು ಸರಿಯಾಗಿ ನೋಡಿದ್ದನು! ಇಂಥ ಗಿಡವು ಚರಿತ್ರೆಗೆ ಎಷ್ಟು ಸತ್ಯವಾಗಿದ್ದರೂ ನೆರೆಯವನ ಬೆಳೆಗೆ ಕೇಡಾಗುವಲ್ಲಿ ಅದನ್ನು ನೆಡಬಾರದು. ಹಳೆಯ ಮದ್ದಿನ ಗಿಡಗಳ ವಿಷಯದಲ್ಲಿಯೂ ಎಚ್ಚರ ಬೇಕು. ಫಾಕ್ಸ್‌ಗ್ಲವ್ ಎಂಬ ಚಂದದ ಗಂಟೆಹೂವು ಹೃದಯವನ್ನೇ ನಿಲ್ಲಿಸಬಲ್ಲದು. ನೋಡುವದಕ್ಕೆ ಬೆಳೆಸಬಹುದು, ಪುಸ್ತಕ ನೋಡಿ ಕಷಾಯ ಮಾಡತಕ್ಕದ್ದಲ್ಲ.

ಈಗ ನಾವು ಹೇಳಬೇಕೆಂದಿದ್ದ ಮುಖ್ಯ ಸಂಗತಿಗೆ ಬರುತ್ತೇವೆ.

ವರ್ಜೀನಿಯ ಪ್ರಾಂತದ ರಾಜಧಾನಿಯು 1699ರಿಂದ 1780ರ ವರೆಗೆ ವಿಲಿಯಮ್ಸ್‌ಬರ್ಗ್ ಎಂಬ ಊರಾಗಿತ್ತು. ಅಲ್ಲಿಯ ಬ್ರೂಟನ್ ಸಭೆಯ ಪಾಲಕರಾದ ಗುಡ್‌ವಿನ್ ಅಯ್ಯನವರು ಜೀರ್ಣವಾಗಿದ್ದ ಆ ಊರನ್ನು ಮೊದಲಿನಂತೆ ಕಟ್ಟಬೇಕೆಂದು ಬಹಳ ಆಶೆಯುಳ್ಳವರಾಗಿ, ರಾಕ್‌ಫೆಲರ್ ಎಂಬ ಧನವಂತರನ್ನು 1926ರಲ್ಲಿ ಒಪ್ಪಿಸಿದರು. ತೋಟಗಳ ಕೆಲಸವು ಆರ್ಥರ್ ಶರ್‌ಕ್ಲಿಫ್ ಎಂಬವರಿಗೆ ಒಪ್ಪಿಸಲ್ಪಟ್ಟಿತು. ಅವರು ಹಳೆಯ ನಕ್ಷೆಗಳನ್ನು ಶೋಧಿಸಿದರು, ಹಳೆಯ ತೋಟಗಳನ್ನು ಅಳೆದರು, ಪ್ರಯಾಸದಲ್ಲಿ ಕೊರತೆಮಾಡಲಿಲ್ಲ. ಆದರೂ ಅವರು ಮಾಡಿದ ತೋಟಗಳು ಇದ್ದದ್ದಕ್ಕಿಂತ ಚಂದವಾದವು. ನಿತ್ಯಹಸುರಿನ ಬಾಕ್ಸ್‌ವುಡ್ ಪೊದೆಗಳ ಕತ್ತರಿಸಿದ ಸಾಲುಗಳು ಮನೆಮನೆಯ ಹಿಂದೆಯೂ ಎದ್ದವು. ತರುವಾಯದ ದಿವಸಗಳಲ್ಲಿ ಭೂಮಿಯನ್ನು ಅಗೆದು ನೋಡುವವರು ಬಂದು, ಮಣ್ಣಿನ ಬಣ್ಣದಿಂದ ಹಳೆಯ ಬೇಲಿಯ ಕಂಬದ ಗುಳಿಗಳನ್ನೂ ಮಡಿಗಳ ಅಂಚುಗಳನ್ನೂ ತಿಪ್ಪೆಯ ಹೊಂಡಗಳನ್ನೂ ಗುರುತಿಸಿ, ಮಣ್ಣಿನಲ್ಲಿ ಉಳಿದ ಪರಾಗದಿಂದ ಅಲ್ಲಿ ಬೆಳೆದ ಸಸ್ಯಗಳನ್ನು ತಿಳಿದುಕೊಳ್ಳಲಾರಂಭಿಸಿದರು. ಆಗ ಆ ಹಿತ್ತಲುಗಳಲ್ಲಿ ಸೌದೆಯ ರಾಶಿ, ಕೋಳಿಗೂಡು, ಅಡಿಗೆಮನೆ, ಬಟ್ಟೆ ಒಗೆಯುವ ಸ್ಥಳ ಇವೆಲ್ಲಾ ಕಿಕ್ಕಿರಿದಿದ್ದವೆಂಬದು ಹೆಚ್ಚು ಹೆಚ್ಚಾಗಿ ತಿಳಿಯಬಂತು. ಶರ್‌ಕ್ಲಿಫರ ತೋಟಗಳಲ್ಲಿ ಅನೇಕವನ್ನು ಈಗಲೂ ಕಾಪಾಡುತ್ತಾರೆ; ಆದರೆ 1930ರ ದಶಕದವರು ಹಿಂದಿನ ಕಾಲವನ್ನು ಹೇಗೆ ಕಲ್ಪಿಸಿಕೊಂಡರೆಂಬದಕ್ಕೆ ಸಾಕ್ಷಿಯಾಗಿ ಕಾಪಾಡುತ್ತಾರೆ. ಇದು ಪ್ರಾಮಾಣಿಕವಾದ ಮಾತೆಂದು ನಮಗೆ ತೋರುತ್ತದೆ.

ಆ ಹಿತ್ತಲುಗಳಲ್ಲಿ ಕೆಲಸಮಾಡುತ್ತಿದ್ದವರು ಯಾರು? ಆ ಊರಿನ ಜನರಲ್ಲಿ ಸುಮಾರು ಅರ್ಧ ಮಂದಿ ಆಫ್ರಿಕದ ಮೂಲದವರು. ಅವರಲ್ಲಿ ಬಹುಮಂದಿ ದಾಸರಾಗಿ ಕೊಳ್ಳಲ್ಪಟ್ಟವರು. ನೀರು ಹೊತ್ತವರೂ ಮಡಿ ಅಗೆದವರೂ ಕಳೆ ಕಿತ್ತವರೂ ಅವರೇ. ಅವರೂ ಕರ್ತನ ನಾಮವನ್ನು ಹೇಳಿಕೊಂಡು 1776ರಲ್ಲಿ ಒಂದು ಸಭೆಯಾಗಿ ಕೂಡಿದರು. ಅವರಿಗೆ ಮಂದಿರವಿರಲಿಲ್ಲ; ಊರ ಹೊರಗೆ ಕಾಡಿನಲ್ಲಿ ಕೊಂಬೆರೆಂಬೆಗಳ ಚಪ್ಪರದ ಕೆಳಗೆ ಗುಪ್ತವಾಗಿ ಸೇರುತ್ತಿದ್ದರೆಂದು ಅವರ ಸಂತಾನದವರು ಹೇಳುತ್ತಾರೆ. ಗೋವನ್ ಪ್ಯಾಂಫ್ಲೆಟ್ ಎಂಬ ದಾಸನು ಅವರ ಬೋಧಕನಾಗಿದ್ದನು. 1793ರಲ್ಲಿ ಆ ಸಭೆಯು ಬ್ಯಾಪ್ಟಿಸ್ಟ್ ಸಭೆಗಳ ಐಕ್ಯಕ್ಕೆ ಸೇರಿಸಿಕೊಳ್ಳಲ್ಪಟ್ಟಿತು. ಊರಿನೊಳಗೆ ಅವರಿಗೆ ಒಂದು ಮಂದಿರವಾಯಿತು. ಅದು 1834ರ ಬಿರುಗಾಳಿಗೆ ಬಿದ್ದುಹೋಯಿತು. 1856ರಲ್ಲಿ ಇಟ್ಟಿಗೆಯ ಮಂದಿರವನ್ನು ಕಟ್ಟಿದರು. ಒಂದು ನೂರು ವರ್ಷಗಳ ತರುವಾಯ, 1956ರಲ್ಲಿ, ಊರನ್ನು ಪುನಃ ಕಟ್ಟುತ್ತಿದ್ದ ಸಂಸ್ಥೆಯು ಆ ನೆಲವನ್ನು ಕೊಂಡಿತು, ಸಭೆಯು ಬೇರೆ ಕಡೆಗೆ ಹೋಯಿತು. ಇಟ್ಟಿಗೆಯ ಮಂದಿರವು ವಸಾಹತಿನ ಕಾಲದ್ದಾಗಿರಲಿಲ್ಲ. ಅದನ್ನು ಕೆಡವಿದರು, ಮುಂದೆ ಆ ಸ್ಥಳದ ಮೇಲೆ ಮೋಟಾರು ಗಾಡಿಗಳನ್ನು ನಿಲ್ಲಿಸುವ ಗಚ್ಚುನೆಲ ಬಂತು.

ವಾಚಕರೇ, ಇಲ್ಲಿ ಸ್ವಲ್ಪ ನಿಂತು ಮತ್ತಾಯನ ಆ ವಾಕ್ಯವನ್ನು ತಿರಿಗಿ ಓದಿರಿ. ಒಂದು ಪುದೀನದ ಗಿಡವು ಕಾಲಕ್ಕೆ ಸರಿಯಾದದ್ದೋ ಎಂದು ಎಣಿಸಿ ನೋಡಿದ ಊರಿನಲ್ಲಿ, ಅದೇ ಕಾಲದಿಂದ ಉಳಿದುಬಂದ ಒಂದು ಸಭೆಯು ಲೆಕ್ಕಕ್ಕೆ ತಪ್ಪಿಹೋಯಿತು. 2020ರಲ್ಲಿ ಆ ಸಭೆಯವರೂ ಅದೇ ಸಂಸ್ಥೆಯವರೂ ಕೂಡಿ ಆ ಗಚ್ಚುನೆಲದ ಕೆಳಗೆ ಅಗೆಯುವದಕ್ಕೆ ಆರಂಭಿಸಿದರು. 2021ರಲ್ಲಿ ಮೊದಲನೆಯ ಮಂದಿರದ ಅಸ್ತಿವಾರವು ಗೊತ್ತಾಯಿತು; ಬಳಿಯಲ್ಲಿ 60ಕ್ಕೂ ಹೆಚ್ಚು ಸಮಾಧಿಗಳು ಸಿಕ್ಕಿದವು. ಈ ಅಗೆತದಲ್ಲಿ ಉಪಯೋಗವಾದದ್ದು ತೋಟಗಳ ಗುಳಿಗಳನ್ನೂ ಅಂಚುಗಳನ್ನೂ ಹುಡುಕುವದಕ್ಕೆ ಕಲಿತ ಅದೇ ವಿದ್ಯೆ, ಅದೇ ಕರಣೆ, ಅದೇ ತಾಳ್ಮೆ.

ಎರಡನೆಯ ತೋಟವು ನಮಗೆ ಇನ್ನೂ ಹತ್ತಿರದ್ದು, ಯಾಕಂದರೆ ಅದನ್ನು ಮಾಡಿದವರು ಮೊರಾವಿಯದ ಸಹೋದರರು. 1760ರಲ್ಲಿ ತಮಿಳು ನಾಡಿನ ತರಂಗಂಬಾಡಿಗೂ ಬಂದು ತೋಟವನ್ನು ಮಾಡಿಕೊಂಡು ತಮ್ಮ ಕೈಗಳಿಂದ ದುಡಿದು ಜೀವಿಸಿದ ಆ ಸಹೋದರರೇ. ಅವರಲ್ಲಿ 11 ಮಂದಿ 1753ನೆಯ ನವೆಂಬರ್ 17ರಂದು ಪೆನ್ಸಿಲ್ವೇನಿಯದಿಂದ ನಡೆದು ಬಂದು ಉತ್ತರ ಕ್ಯಾರೊಲೈನದ ಕಾಡಿನಲ್ಲಿ ಯಾರೋ ಬಿಟ್ಟುಹೋದ ಒಂದು ಗುಡಿಸಲಿನಲ್ಲಿ ನೆಲೆಯಾದರು. ಊರಿಗೆ ಬೆತಾಬರವೆಂದು ಹೆಸರಿಟ್ಟರು. ದಾಟುವ ಮನೆ ಎಂದು ಅದರ ಅರ್ಥ. ಅವರೊಡನೆ ಬಂದ ವೈದ್ಯನಾದ ಕಾಲ್‌ಬರ್ಲಾನ್ ಎಂಬವನ ಬಳಿಗೆ ಅನೇಕ ಮೈಲು ದೂರದಿಂದ ರೋಗಿಗಳು ಬರುತ್ತಿದ್ದರು. ಯುದ್ಧಕ್ಕೆ ಹೆದರಿ ಓಡಿಬಂದವರಿಗೂ ಆ ಊರು ಆಶ್ರಯ ಕೊಟ್ಟಿತು. 1759ರಲ್ಲಿ ಜ್ವರವು ಹರಡಿ ವೈದ್ಯನೇ ತೀರಿಹೋದನು.

1761ರಲ್ಲಿ ಸಭೆಯ ಭೂಮಾಪಕನಾದ ಕ್ರಿಶ್ಚಿಯನ್ ಗಾಟ್ಲೀಬ್ ರಾಯ್ಟರನು ಅಲ್ಲಿಯ ವೈದ್ಯ ತೋಟದ ನಕ್ಷೆಯನ್ನು ಬರೆದನು. ಆತನು ಭೂಮಿಯನ್ನು ಅಳೆಯುವವನು. ಅಳತೆ ತಪ್ಪಿದರೆ ಮನಸ್ಸಿಗೆ ನೆಮ್ಮದಿ ಇಲ್ಲದವನು. ಮಡಿಗಳನ್ನು ಗೀಚಿ ಬಿಟ್ಟುಬಿಡದೆ, ಆ ಮಡಿಗಳಲ್ಲಿ ಏನೇನು ಇದೆ ಎಂದು ಸಸ್ಯಗಳ ಹೆಸರುಗಳನ್ನೂ ಬರೆದಿಟ್ಟನು. ಇದರ ಹೊರತು ಸಭೆಯ ದಿನಚರಿಯೂ ತಪ್ಪದೆ ಬರೆಯಲ್ಪಡುತ್ತಿತ್ತು. ಮಳೆ, ಬಿತ್ತನೆ, ಜನನ, ಮರಣ, ಬಂದ ಅತಿಥಿಗಳು, ಎಲ್ಲವೂ ಅದರಲ್ಲಿ ಉಂಟು. ಇವೆರಡೂ ಉಳಿದದ್ದರಿಂದ, 1960ರ ದಶಕದಲ್ಲಿ ಆ ಸ್ಥಳವನ್ನು ಅಗೆದು ಶೋಧಿಸಿದ ತರುವಾಯ, ಆ ತೋಟವನ್ನು ತಿರಿಗಿ ನೆಡುವದು ಸಾಧ್ಯವಾಯಿತು. ಅಮೇರಿಕದ ವಸಾಹತು ಕಾಲದ ತೋಟಗಳಲ್ಲಿ ಇಷ್ಟು ಸ್ಪಷ್ಟವಾದ ಸಾಕ್ಷಿಯುಳ್ಳವುಗಳು ಬಹಳ ಸ್ವಲ್ಪ. ಊಹೆಯಿಂದ ನೆಟ್ಟವನಿಗೆ ಪ್ರತಿ ಗಿಡದ ಮುಂದೆ ಸಂದೇಹವುಂಟು; ರಾಯ್ಟರನ ನಕ್ಷೆಯಿಂದ ನೆಟ್ಟವನು ಆತನ ಬರವಣಿಗೆಯನ್ನು ತೋರಿಸಬಹುದು.

ಆದರೆ ಅದೇ ದಿನಚರಿಯು ಇನ್ನೊಂದನ್ನೂ ಮರೆಮಾಡದೆ ಹೇಳುತ್ತದೆ. 1769ರಲ್ಲಿ ಆ ಸಭೆಯೇ, ಸಭೆಯ ಹಣದಿಂದಲೇ, ಸ್ಯಾಮ್ ಎಂಬ ದಾಸನನ್ನು ಕೊಂಡುಕೊಂಡಿತು. 1771ರಲ್ಲಿ ಅವನು ದೀಕ್ಷಾಸ್ನಾನ ಹೊಂದಿ ಯೋಹಾನ ಸಮುವೇಲನೆಂಬ ಹೆಸರನ್ನು ಪಡೆದನು. ಸಹೋದರರೊಡನೆ ಒಂದೇ ಮಂದಿರದಲ್ಲಿ ಕೂತನು. ಆದರೂ ದಾಸನಾಗಿಯೇ ಉಳಿದನು. ಮುಂದಿನ ತಲೆಮಾರಿನಲ್ಲಿ ಒಂದೇ ಮಂದಿರದಲ್ಲಿ ಕೂಡುವದೂ ನಿಂತುಹೋಗಿ, 1822ರಲ್ಲಿ ನೆರೆಯ ಸೇಲಮ್ ಊರಿನಲ್ಲಿ ಕಪ್ಪು ಜನರಿಗೆ ಬೇರೆ ಸಭೆಯನ್ನು ಮಾಡಿದರು. ದಕ್ಷಿಣ ಪ್ರಾಂತದ ಮೊರಾವಿಯನ್ ಸಭೆಯು ಈ ಪಾಪವನ್ನು 2006ರಲ್ಲಿ ತನ್ನ ಸಿನೊಡ್ ಕೂಟದಲ್ಲಿ ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆಯನ್ನು ಬೇಡಿತು. ದೀಕ್ಷಾಸ್ನಾನದ ಪುಸ್ತಕವನ್ನು ಯಾರೋ ನಂಬಿಗಸ್ತಿಕೆಯಿಂದ ಬರೆದಿಟ್ಟಿದ್ದರಿಂದಲೇ ಒಪ್ಪಿಕೊಳ್ಳಬೇಕಾದದ್ದೇನೆಂದು ಅವರಿಗೆ ತಿಳಿಯಿತು. ಸೋಂಪಿನ ಮಡಿಯನ್ನು ತಿಳಿಸಿದ್ದೂ ಮನುಷ್ಯನನ್ನು ಕೊಂಡದ್ದನ್ನು ತಿಳಿಸಿದ್ದೂ ಒಂದೇ ಸಭೆಯ ಬರವಣಿಗೆಯೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹರಿದುಹಾಕುವ ಹಕ್ಕು ಓದುವವನಿಗಿಲ್ಲ.

ನಮ್ಮ ದೇಶದ ಮಾತೇನು? ಬಾಸೆಲ್ ಮಿಶನ್ ಮಂಗಳೂರಿನಲ್ಲಿ 1834ರಲ್ಲಿಯೂ ಧಾರವಾಡದಲ್ಲಿ 1837ರಲ್ಲಿಯೂ ಹುಬ್ಬಳ್ಳಿಯಲ್ಲಿ 1839ರಲ್ಲಿಯೂ ಕೆಲಸವನ್ನು ಆರಂಭಿಸಿತು. ಆ ಮಿಶನಿನ ಮೆಟ್ಜ್ ಅಯ್ಯನವರು ಕನ್ನಡ ಜಿಲ್ಲೆಯಲ್ಲಿಯೂ ನೀಲಗಿರಿಯಲ್ಲಿಯೂ ಸಸ್ಯಗಳನ್ನು ಕೂಡಿಸಿ ಒಣಗಿಸಿ ಕಳುಹಿಸಿದರು. ಜರ್ಮನಿಯ ಹೋಹೆನಾಕರ್ ಎಂಬವರು ಅವುಗಳಿಗೆ ಚೀಟಿಗಳನ್ನು ಅಂಟಿಸಿ 1849ರ ಸುಮಾರಿಗೆ ಯೂರೋಪಿನ ಸಸ್ಯಸಂಗ್ರಹಗಳಿಗೆ ಹಂಚಿದರು. ಮಂಗಳೂರಿನ ಹೆಸರುಳ್ಳ ಆ ಹಾಳೆಗಳು ಇನ್ನೂ ಅಲ್ಲಿವೆ. ನಮ್ಮ ಕಾಡಿನ ಒಂದು ಎಲೆಗೆ ಇಷ್ಟು ಜೋಪಾನವಾದ ಸಾಕ್ಷಿ ಇರುವಾಗ, ನಮ್ಮ ಮಂದಿರಗಳ ಅಂಗಳದಲ್ಲಿ ಏನಿತ್ತೆಂದು ಎಷ್ಟು ಸಭೆಗಳಲ್ಲಿ ಬರೆದಿದ್ದಾರೆ? ಆ ದೇವಕಣಗಿಲೆಯನ್ನು ಯಾರು ನೆಟ್ಟರು? ಬಾವಿಯ ಬಳಿಯ ಗುಲಾಬಿ ಯಾವ ಊರಿಂದ ಬಂತು? ಬಾವಿಯನ್ನು ತೋಡಿದವರ ಹೆಸರೇನು? ಅಯ್ಯನವರ ಹೆಸರು ಕಲ್ಲಿನ ಮೇಲೆ ಉಂಟು. ಕೊಡದಲ್ಲಿ ನೀರು ಹೊತ್ತ ತೋಟದ ಆಳಿನ ಹೆಸರು ಒಬ್ಬಿಬ್ಬರು ಮುದುಕರ ನಾಲಿಗೆಯ ಮೇಲೆ ಮಾತ್ರ ಉಂಟು. ಆ ಮುದುಕರು ನಮ್ಮೊಡನೆ ಎಷ್ಟು ವರ್ಷ ಇರುವರು?

ಆದಕಾರಣ ಈ ಪಾಠವನ್ನು ಓದುವ ಸಭೆಗಳಿಗೆ ಒಂದು ಕೆಲಸವನ್ನು ಕೊಡುತ್ತೇವೆ. ಸ್ತ್ರೀಯರ ಕೂಟದವರೂ ಯುವಕರ ಕೂಟದವರೂ ಕೂಡಿ ಮಂದಿರದ ಅಂಗಳವನ್ನು ಹೆಜ್ಜೆಯಿಂದಲಾದರೂ ಅಳೆದು ಒಂದು ಹಾಳೆಯ ಮೇಲೆ ಬರೆಯಿರಿ. ಇರುವ ಮರಗಿಡಗಳನ್ನು ಗುರುತಿಸಿರಿ. ಬಳಿಕ ಸಭೆಯ ಅತಿ ಹಿರಿಯ ತಾಯಂದಿರನ್ನು ಒಂದು ಸಾಯಂಕಾಲ ಅಂಗಳಕ್ಕೆ ಕರತಂದು ಕುರ್ಚಿ ಹಾಕಿ ಕೂರಿಸಿ, ಅವರು ಮದುವೆಯಾಗಿ ಬಂದಾಗ ಇಲ್ಲಿ ಏನಿತ್ತೆಂದು ಕೇಳಿರಿ. ಅವರು ಗಿಡಗಳಿಂದ ಆರಂಭಿಸಿ ಮನುಷ್ಯರಿಗೆ ಬರುವರು; ಆಗ ಲೇಖಣಿಯನ್ನು ಕೆಳಗಿಡಬೇಡಿರಿ. ಹಳೆಯ ಮದುವೆಯ ಭಾವಚಿತ್ರಗಳಲ್ಲಿ ವಧೂವರರ ಹಿಂದೆ ನಿಂತ ಗಿಡಗಳನ್ನೂ ನೋಡಿರಿ. ಒಬ್ಬರು ಹೇಳಿದ್ದು ಇನ್ನೊಬ್ಬರ ಮಾತಿಗೆ ಒಪ್ಪದಿದ್ದರೆ ಎರಡನ್ನೂ ಬರೆಯಿರಿ.

ತಿರಿಗಿ ನೆಡುವಾಗ ಲಂಟಾನವನ್ನು ಮಾತ್ರ ಬಿಟ್ಟುಬಿಡಿರಿ. ಅದು ನಿಮ್ಮ ಅಂಗಳದಲ್ಲಿ ಹಳೆಯ ಬೇಲಿಯಾಗಿ ಇದ್ದಿರಬಹುದು. ಆದರೆ ತೋಟದ ಹೂವೆಂದು ದೇಶಕ್ಕೆ ಬಂದು ಈಗ ನಮ್ಮ ಕಾಡುಗಳನ್ನು ನುಂಗುತ್ತಿದೆ. ಬಾರ್‌ಬೆರಿಗೆ ಹೇಳಿದ ನ್ಯಾಯವೇ ಇದಕ್ಕೂ. ಅದು ಇತ್ತೆಂದು ಹಾಳೆಯಲ್ಲಿ ಬರೆದರೆ ಸಾಕು.

ಮಕ್ಕಳಿಗೆ ತೋರಿಸುವದಕ್ಕಾಗಿ ಜೆಫರ್ಸನನ ಪಟ್ಟಿಯ ಒಂದು ಮಡಿಯನ್ನು ನಮ್ಮಲ್ಲಿಯೂ ಮಾಡಬಹುದು. ಕರ್ಣಕುಂಡಲ, ಕೋಳಿಜುಟ್ಟು, ಗುಂಡು ರುದ್ರಾಕ್ಷಿ ಹೂವುಗಳನ್ನು ಮುಂಗಾರು ಹಿಡಿದ ಕೂಡಲೆ ಬಿತ್ತಬೇಕು. ಸಬ್ಬಸಿಗೆ ಮತ್ತು ಕೊತ್ತಂಬರಿಗೆ ಚಳಿಗಾಲವೇ ಒಳ್ಳೆಯದು. ಕೊತ್ತಂಬರಿಯ ಕಾಳನ್ನು ಕಾಲಿನಿಂದ ಉಜ್ಜಿ ಎರಡಾಗಿ ಒಡೆದು ಬಿತ್ತಿದರೆ ಚೆನ್ನಾಗಿ ಹುಟ್ಟುತ್ತದೆ. ಪುದೀನಕ್ಕೆ ಬೀಜ ಬೇಡ. ಬೇರುಳ್ಳ ಕಡ್ಡಿ ಸಾಕು, ಆದರೆ ಅದು ಪಕ್ಕದವರ ಮಡಿಗೆ ನುಗ್ಗದಂತೆ ಒಡೆದ ಮಡಕೆಯಲ್ಲಿ ಹೂಳಿರಿ. ಬೀಜಕ್ಕೆ ಬಿಡುವ ಕೋಳಿಜುಟ್ಟು ಒಂದೇ ಬಣ್ಣದ್ದಾಗಿರಲಿ; ಎರಡು ಬಣ್ಣಗಳನ್ನು ಹತ್ತಿರ ನೆಟ್ಟರೆ ಮುಂದಿನ ವರ್ಷ ಬೆರಕೆಯಾಗಬಹುದು. ಕರ್ಣಕುಂಡಲದ ಕಾಯಿಯು ಬಲಿತ ಮೇಲೆ ಮುಟ್ಟಿದರೆ ಸಿಡಿದು ಬೀಜವನ್ನೆಲ್ಲಾ ಚೆಲ್ಲುವದರಿಂದ ಮುಂಚಿತವಾಗಿಯೇ ತೆಳುವಾದ ಬಟ್ಟೆಯ ಚೀಲವನ್ನು ಕಟ್ಟಬೇಕು. ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬೂದಿಯಲ್ಲಿ ಕಲಸಿ, ಬೇವಿನ ಎಲೆಯನ್ನು ಮೇಲೆ ಹರಡಿ ಮಡಕೆಯ ಬಾಯನ್ನು ಬಿಗಿದಿಡಿರಿ. ಮಡಕೆಗೆ ಒಂದು ಚೀಟಿಯನ್ನು ಕಟ್ಟಿ ಅದರಲ್ಲಿ ಗಿಡದ ಹೆಸರು, ಬೀಜವು ಯಾರ ಹಿತ್ತಲಿನದು, ಯಾರ ಕೈಯಿಂದ ಬಂತು, ಯಾವ ವರ್ಷದ್ದು, ಇಷ್ಟನ್ನು ಮಸಿಯಿಂದ ಬರೆಯಿರಿ.